ಕಲುಷಿತ ಬೃಹತ್ ಯಂತ್ರಭಾಗಗಳ ಸಾಗಣೆ: ಪೆಟ್ಟಿಗೆಯೇ ಇಲ್ಲದಾಗ ಸುರಕ್ಷತೆ ಎಲ್ಲಿರುತ್ತದೆ?

ಪಡುಬಿದ್ರಿಯ ಶಿಕ್ಷಕ:

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಡುರಾತ್ರಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ನಮ್ಮ ಪೇಟೆಯ ನಡುವಿನಿಂದಲೇ, ಬಸ್ಸಿಗಿಂತ ದೊಡ್ಡದಾದ ಉರುಳೆಯಾಕಾರದ ಯಂತ್ರಭಾಗವನ್ನು ಹೊತ್ತ ಟ್ರೇಲರ್ ಹಾದುಹೋಯಿತು. ಬೆಳಗಾಗುವಷ್ಟರಲ್ಲಿ ಅದು ಅಣುಸ್ಥಾವರದಿಂದ ತೆಗೆದ ಹಳೆಯ ಭಾಗವೆಂಬ ಸುದ್ದಿ ವಾಟ್ಸಾಪ್ ಗುಂಪುಗಳಲ್ಲಿ ಹಬ್ಬಿತ್ತು. ಮರುದಿನ ತರಗತಿಯಲ್ಲಿ ಮಕ್ಕಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಸುದ್ದಿ ಸುಳ್ಳೇ ಇರಬಹುದು. ಆದರೆ ಕೈಗಾ ಅಣು ವಿದ್ಯುತ್ ಕೇಂದ್ರದ ಮೊದಲ ಎರಡು ಘಟಕಗಳು 2000ದಲ್ಲಿ ವಿದ್ಯುತ್ ಕೊಡತೊಡಗಿದವು, ಅಲ್ಲಿಂದ ನಮ್ಮ ಕರಾವಳಿಗೆ ಇದೇ ಹೆದ್ದಾರಿ, ಪಣಂಬೂರಿನಲ್ಲಿ ದೊಡ್ಡ ಬಂದರು ಇದೆ. ಒಂದು ದಿನ ಅಂಥ ಭಾಗವೊಂದನ್ನು ನಿಜಕ್ಕೂ ಸಾಗಿಸಬೇಕಾಗಿ ಬಂದರೆ ಯಾವ ನಿಯಮಗಳು ಅನ್ವಯಿಸುತ್ತವೆ, ರಸ್ತೆಯ ಪಕ್ಕದಲ್ಲಿ ಬದುಕುವ ನಾವು ಏನನ್ನು ಕೇಳಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ವಿನಂತಿ.

ಬೈಕಂಪಾಡಿಯ ಟ್ರೇಲರ್ ಗುತ್ತಿಗೆದಾರ:

ಮೇಷ್ಟ್ರೇ, ತಾವು ನೋಡಿದ್ದು ಕಾರ್ಖಾನೆಯೊಂದಕ್ಕೆ ಹೊಸದಾಗಿ ತಯಾರಾದ ಕಾಲಮ್, ಅಂದರೆ ಉದ್ದನೆಯ ಉಕ್ಕಿನ ಪಾತ್ರೆ. ನಮ್ಮ ವೃತ್ತಿಯವರು ಇದನ್ನು ಒಡಿಸಿ ಎನ್ನುತ್ತೇವೆ, ಅಂದರೆ ಮಾಮೂಲಿ ಅಳತೆ ಮೀರಿದ ಸರಕು. ಬಂದರಿನಿಂದ ಇಂಥವನ್ನು ಸಾಗಿಸುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ವಿಕಿರಣದ ವಸ್ತುವನ್ನು ಮಾತ್ರ ನಾನು ಎಂದೂ ಸಾಗಿಸಿಲ್ಲ, ಹಾಗಾಗಿ ಆ ನಿಯಮಗಳನ್ನು ತಿಳಿಯುವ ಆಸೆ ನನಗೂ ಇದೆ.

ಸುರತ್ಕಲ್‌ನ ನಿವೃತ್ತ ವಿಕಿರಣ ಸುರಕ್ಷತಾ ಅಧಿಕಾರಿ:

ಶಿಕ್ಷಕರ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿ ಉತ್ತರಿಸುತ್ತೇನೆ, ದಯವಿಟ್ಟು ಸಹಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಅಣು ವಿದ್ಯುತ್ ಕೇಂದ್ರದ ಕೆಳಮಟ್ಟದ ತ್ಯಾಜ್ಯವನ್ನು ಆಯಾ ಕೇಂದ್ರದ ಆವರಣದಲ್ಲಿಯೇ ವಿಲೇವಾರಿ ಮಾಡುವುದು ರೂಢಿ. ಆದ್ದರಿಂದ ಕೈಗಾದ ಭಾಗವೊಂದು ನಾಳೆಯೇ ಪಡುಬಿದ್ರಿಗೆ ಬರುತ್ತದೆಂದು ಯಾರೂ ತಿಳಿಯಬೇಕಿಲ್ಲ.

ಇಲ್ಲಿ ಮುಖ್ಯ ಉದಾಹರಣೆ ಸ್ಟೀಮ್ ಜನರೇಟರ್, ಅಂದರೆ ಉಗಿ ಉತ್ಪಾದಕ. ಕೈಗಾದ ಪ್ರತಿ ಘಟಕದಲ್ಲೂ ಇಂಥವು ನಾಲ್ಕು ಇವೆ. ರಿಯಾಕ್ಟರಿನಲ್ಲಿ ಬಿಸಿಯಾದ ಭಾರಜಲ ಇದರ ಸಾವಿರಾರು ಸಣ್ಣ ಕೊಳವೆಗಳ ಒಳಗೆ ಹರಿಯುತ್ತದೆ, ಹೊರಗಿನ ನೀರು ಉಗಿಯಾಗುತ್ತದೆ. ವರ್ಷಗಟ್ಟಲೆ ಹೀಗೆ ಹರಿದಾಗ ಕೊಳವೆಗಳ ಒಳಗೋಡೆಯಲ್ಲಿ ಕೋಬಾಲ್ಟ್-60ರಂಥ ವಸ್ತುಗಳನ್ನು ಹೊಂದಿದ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ, ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಅಂಶವೂ ಸೇರಿಕೊಳ್ಳುತ್ತದೆ. ಉಕ್ಕು ತಾನಾಗಿ ವಿಕಿರಣಶೀಲವಾಗಿರುವುದಿಲ್ಲ, ಅದರ ಮೈಗೆ ಅಂಟಿದ ಕೊಳೆ ವಿಕಿರಣಶೀಲವಾಗಿರುತ್ತದೆ. ನ್ಯೂಟ್ರಾನ್‌ಗಳ ಹೊಡೆತಕ್ಕೆ ಸಿಕ್ಕಿ ಲೋಹವೇ ವಿಕಿರಣಶೀಲವಾಗುವ ರಿಯಾಕ್ಟರ್ ಪಾತ್ರೆಯ ಕಥೆ ಬೇರೆ. ಈ ವ್ಯತ್ಯಾಸವನ್ನು ಮೊದಲು ಮನದಟ್ಟು ಮಾಡಿಕೊಂಡರೆ ಉಳಿದದ್ದು ಸುಲಭ.

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ತನ್ನ ಸಾಗಣೆ ನಿಯಮಾವಳಿಯನ್ನು ಮೊದಲು 1961ರಲ್ಲಿ ಪ್ರಕಟಿಸಿತು. ಮೇಲ್ಮೈ ಮಾತ್ರ ಕಲುಷಿತವಾದ ಇಂಥ ವಸ್ತುಗಳಿಗೆ ಅದರಲ್ಲಿ ಎಸ್‌ಸಿಒ ಎಂಬ ಪ್ರತ್ಯೇಕ ವರ್ಗವಿದೆ. ಬಹುಕಾಲ ಎಸ್‌ಸಿಒ-1 ಮತ್ತು ಎಸ್‌ಸಿಒ-2 ಎಂಬ ಎರಡೇ ಬಗೆಗಳಿದ್ದವು, ಇವನ್ನು ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿಟ್ಟು ಸಾಗಿಸಬೇಕಿತ್ತು. ಆದರೆ ನೂರು ಟನ್ನಿನ ಉರುಳೆಗೆ ಪೆಟ್ಟಿಗೆ ಮಾಡುವವರು ಯಾರು? ಪೆಟ್ಟಿಗೆ ಮಾಡಿದರೂ ಅದು ಯಾವ ಸೇತುವೆಯ ಮೇಲೆ ಹೋದೀತು? ಹಾಗಾಗಿ ಪ್ರತಿ ಬಾರಿಯೂ ‘ವಿಶೇಷ ವ್ಯವಸ್ಥೆ’ ಎಂಬ ಬೇರೆಯದೇ ಅನುಮತಿ ಪಡೆಯಬೇಕಾಗುತ್ತಿತ್ತು. 2018ರ ಆವೃತ್ತಿಯಲ್ಲಿ ಎಸ್‌ಸಿಒ-3 ಎಂಬ ಹೊಸ ಬಗೆಯನ್ನು ಸೇರಿಸಲಾಯಿತು. ಗಾತ್ರದ ಕಾರಣಕ್ಕೆ ಪೆಟ್ಟಿಗೆಯಲ್ಲಿ ಇಡಲಾಗದ ಘನವಸ್ತುಗಳಿಗಾಗಿಯೇ ಇದು ಬಂದದ್ದು.

ಇಲ್ಲಿ ಆ ವಸ್ತುವಿನ ಹೊರಕವಚವೇ ಪೆಟ್ಟಿಗೆ. ಆದ್ದರಿಂದ ಅದರ ಎಲ್ಲ ತೆರಪುಗಳನ್ನೂ ವಿಕಿರಣಶೀಲ ವಸ್ತು ಹೊರಬಾರದಂತೆ ಭದ್ರವಾಗಿ ಮುಚ್ಚಿರಬೇಕು, ಒಳಭಾಗ ಸಾಧ್ಯವಾದಷ್ಟು ಒಣಗಿರಬೇಕು. ಹೊರಮೈಯನ್ನು ಬಟ್ಟೆಯಿಂದ ಒರೆಸಿ ಅಳೆದಾಗ ಸಿಗುವ ಸಡಿಲ ಮಾಲಿನ್ಯ, ಬೀಟಾ ಮತ್ತು ಗಾಮಾ ಬಗೆಯ ವಿಕಿರಣ ಸೂಸುವ ವಸ್ತುಗಳಿಗೆ ಚದರ ಸೆಂಟಿಮೀಟರಿಗೆ 4 ಬೆಕ್ವೆರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕ್ವೆರೆಲ್) ಮೀರಬಾರದು, ಆಲ್ಫಾ ಬಗೆಯ ಬಹುತೇಕ ವಸ್ತುಗಳಿಗೆ 0.4 ಮೀರಬಾರದು. ಕೈಗೆಟುಕದ ಒಳಮೈಯಲ್ಲಿ ಸಡಿಲ ಮತ್ತು ಅಂಟಿದ ಮಾಲಿನ್ಯ ಎರಡೂ ಸೇರಿ ಚದರ ಸೆಂಟಿಮೀಟರಿಗೆ 8 ಲಕ್ಷ ಬೆಕ್ವೆರೆಲ್, ಆಲ್ಫಾಗೆ 80 ಸಾವಿರ ಬೆಕ್ವೆರೆಲ್ ಮೀರಬಾರದು. ಒಳಗಿನ ಮತ್ತು ಹೊರಗಿನ ಮಿತಿಗಳ ನಡುವೆ ಎರಡು ಲಕ್ಷ ಪಟ್ಟು ಅಂತರವಿದೆ ಎಂಬುದನ್ನು ಗಮನಿಸಬೇಕು. ಆ ಅಂತರವನ್ನು ಕಾಯುವುದು ಉಕ್ಕಿನ ಗೋಡೆ ಮತ್ತು ತೆರಪುಗಳ ಮೇಲೆ ಬೆಸೆದ ಮುಚ್ಚಳಗಳು ಮಾತ್ರ. ನಾನು ಸೇವೆಯಲ್ಲಿದ್ದಾಗ ಕಿರಿಯರಿಗೆ ಮತ್ತೆ ಮತ್ತೆ ಹೇಳುತ್ತಿದ್ದ ಮಾತಿದು: ವಿಕಿರಣ ಮಾಪಕವನ್ನು ನೋಡುವ ಮೊದಲು ಮುಚ್ಚಳದ ಬೆಸುಗೆಯನ್ನು ನೋಡಿ.

ಪಡುಬಿದ್ರಿಯ ಶಿಕ್ಷಕ:

ಧನ್ಯವಾದಗಳು ಸರ್. ಒಂದು ಸಂದೇಹವಿದೆ. ಬಳಸಿದ ಅಣು ಇಂಧನವನ್ನು ಸಾಗಿಸುವ ಪೆಟ್ಟಿಗೆಗಳನ್ನು 9 ಮೀಟರ್ ಎತ್ತರದಿಂದ ಬೀಳಿಸಿ, 800 ಡಿಗ್ರಿ ಬೆಂಕಿಯಲ್ಲಿ ಅರ್ಧ ಗಂಟೆ ಇಟ್ಟು ಪರೀಕ್ಷಿಸುತ್ತಾರೆಂದು ಓದಿದ್ದೇನೆ. ಈ ಉರುಳೆಗೂ ಅಂಥ ಪರೀಕ್ಷೆ ಇದೆಯೇ?

ಸುರತ್ಕಲ್‌ನ ನಿವೃತ್ತ ವಿಕಿರಣ ಸುರಕ್ಷತಾ ಅಧಿಕಾರಿ:

ಇಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ತಾವು ಓದಿದ್ದು ಬಿ ದರ್ಜೆಯ ಪೊಟ್ಟಣಗಳ ಪರೀಕ್ಷೆ. ಎಸ್‌ಸಿಒ-3ಕ್ಕೆ ಅನ್ವಯಿಸುವುದು ಐಪಿ-2 ಎಂಬ ಕೈಗಾರಿಕಾ ದರ್ಜೆಯ ಬೇಡಿಕೆಗಳು. ಅವುಗಳ ಪ್ರಕಾರ 15 ಟನ್ ಅಥವಾ ಅದಕ್ಕಿಂತ ಭಾರವಾದ ವಸ್ತುವಿಗೆ ಬೀಳುವಿಕೆಯ ಎತ್ತರ 0.3 ಮೀಟರ್ ಮಾತ್ರ. ಅದರಲ್ಲಿಯೂ ಗರಿಷ್ಠ ಹಾನಿ ಎಷ್ಟೆಂಬುದನ್ನು ಸಾಗಣೆ ಯೋಜನೆಯ ಆಧಾರದ ಮೇಲೆ ನಿರ್ಧರಿಸಲು ಅವಕಾಶವಿದೆ. ಪೇರಿಸುವಿಕೆಯ ಪರೀಕ್ಷೆ ಇಲ್ಲವೇ ಇಲ್ಲ, ಏಕೆಂದರೆ ಇದರ ಮೇಲೆ ಏನನ್ನೂ ಪೇರಿಸುವಂತಿಲ್ಲ.

ಪಡುಬಿದ್ರಿಯ ಶಿಕ್ಷಕ:

0.3 ಮೀಟರ್ ಎಂದರೆ ಒಂದು ಅಡಿ. ಕೂಳೂರು ಸೇತುವೆಯಿಂದ ಫಲ್ಗುಣಿ ನದಿಗೆ ಬಿದ್ದರೆ ಒಂದು ಅಡಿಯ ಲೆಕ್ಕ ಯಾವ ಪ್ರಯೋಜನಕ್ಕೆ ಬರುತ್ತದೆ? ಕಟುವಾಗಿ ಕೇಳುತ್ತಿದ್ದರೆ ಕ್ಷಮಿಸಬೇಕು.

ಸುರತ್ಕಲ್‌ನ ನಿವೃತ್ತ ವಿಕಿರಣ ಸುರಕ್ಷತಾ ಅಧಿಕಾರಿ:

ಕಟುವೇನೂ ಇಲ್ಲ, ಕೇಳಲೇಬೇಕಾದ ಪ್ರಶ್ನೆ ಇದು. ನಿಯಮಾವಳಿಯ ತರ್ಕ ಹೀಗಿದೆ. ಬಳಸಿದ ಇಂಧನದಂಥ ಪ್ರಬಲ ವಸ್ತುವಿನಲ್ಲಿ ಭದ್ರತೆಯ ಭಾರವೆಲ್ಲ ಪೆಟ್ಟಿಗೆಯ ಮೇಲಿರುತ್ತದೆ. ಕಲುಷಿತ ವಸ್ತುವಿನಲ್ಲಿ ಒಳಗಿರುವ ಒಟ್ಟು ಪ್ರಮಾಣಕ್ಕೇ ಮಿತಿ ಹಾಕಿ, ಅಪಘಾತವಾದರೂ ಪರಿಣಾಮ ಒಂದು ಎಲ್ಲೆಯೊಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ಯಾವುದೇ ಹೆಚ್ಚುವರಿ ಕವಚವಿಲ್ಲದೆ 3 ಮೀಟರ್ ದೂರದಲ್ಲಿ ಅಳೆದಾಗ ಗಂಟೆಗೆ 10 ಮಿಲಿಸೀವರ್ಟ್ (ಸೀವರ್ಟ್ ಎಂಬುದು ದೇಹಕ್ಕೆ ತಗಲುವ ವಿಕಿರಣದ ಅಳತೆ) ಮೀರುವ ವಸ್ತುವನ್ನು ಈ ವರ್ಗದಲ್ಲಿ ಸಾಗಿಸುವಂತಿಲ್ಲ. ಅಂಥದ್ದಕ್ಕೆ ಗಟ್ಟಿ ಪೆಟ್ಟಿಗೆಯೇ ಬೇಕು.

ಆದರೆ ಈ ತರ್ಕ ಅಲ್ಲಿಗೇ ಮುಗಿಯುವುದಿಲ್ಲ. ಪೆಟ್ಟಿಗೆಯಲ್ಲಿ ಇರಬೇಕಿದ್ದ ಭದ್ರತೆಯನ್ನು ಬೇರೆ ಎಲ್ಲೋ ತುಂಬಿಕೊಡಬೇಕಲ್ಲವೇ? ಅದನ್ನು ತುಂಬಿಕೊಡುವುದು ಸಾಗಣೆ ಯೋಜನೆ. ವಿಕಿರಣ ರಕ್ಷಣೆ, ತುರ್ತು ಕ್ರಮ, ವೇಗ, ಹೊತ್ತು, ಹಾದಿ, ನಿಲ್ಲುವ ಜಾಗ, ಎತ್ತುವ ಎತ್ತರ, ಇವೆಲ್ಲವನ್ನೂ ಅದರಲ್ಲಿ ಬರೆದು, ಒಟ್ಟಾರೆ ಸುರಕ್ಷತೆ ಸಾಮಾನ್ಯ ಪೊಟ್ಟಣದಷ್ಟಾದರೂ ಇದೆಯೆಂದು ತೋರಿಸಬೇಕು. ವಾಹನದಲ್ಲಿ ಬೇರೆ ಯಾವ ಸರಕೂ ಇರಕೂಡದು. ವಿಮಾನದಲ್ಲಿ ಒಯ್ಯುವಂತಿಲ್ಲ. ಗಡಿ ದಾಟುವುದಾದರೆ ಹಾದಿಯಲ್ಲಿನ ಪ್ರತಿ ದೇಶದ ನಿಯಂತ್ರಣ ಸಂಸ್ಥೆಯೂ ಒಪ್ಪಬೇಕು. ನಮ್ಮಲ್ಲಿ ಆ ಅಧಿಕಾರ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಕೂಳೂರು ಸೇತುವೆಯ ಪ್ರಶ್ನೆಗೆ ಉತ್ತರ ಬೀಳಿಸುವ ಪರೀಕ್ಷೆಯಲ್ಲಿ ಇಲ್ಲ, ಈ ಯೋಜನೆಯಲ್ಲಿ ಇರಬೇಕು. ಅಲ್ಲಿ ಇಲ್ಲದಿದ್ದರೆ ಅನುಮತಿ ಸಿಗಕೂಡದು.

ಬೈಕಂಪಾಡಿಯ ಟ್ರೇಲರ್ ಗುತ್ತಿಗೆದಾರ:

ಈಗ ವಿಷಯ ನನ್ನ ಅಂಗಳಕ್ಕೆ ಬಂತು. ನೂರು ಟನ್ನಿನ ಉರುಳೆ ಬೀಳುವುದಕ್ಕಿಂತ ಮೊದಲು ಜಾರುತ್ತದೆ. ಸಾಗಣೆಯಲ್ಲಿ ಸರಕು ಕಟ್ಟುವ ಬಗ್ಗೆ 2014ರ ಅಂತರರಾಷ್ಟ್ರೀಯ ಸಂಹಿತೆಯೊಂದಿದೆ. ಅದರಂತೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಮುಂದಕ್ಕೆ ತೂಕದ 0.8 ಪಟ್ಟು, ತಿರುವಿನಲ್ಲಿ ಪಕ್ಕಕ್ಕೆ 0.5 ಪಟ್ಟು ಬಲವನ್ನು ಲೆಕ್ಕಕ್ಕೆ ಹಿಡಿಯಬೇಕು. ಅಂದರೆ ನೂರು ಟನ್ನಿನ ಸರಕಿಗೆ ಮುಂದಕ್ಕೆ 80 ಟನ್, ಪಕ್ಕಕ್ಕೆ 50 ಟನ್ನಿನ ತಳ್ಳಾಟ. ಇದನ್ನು ಚೈನು, ಟರ್ನ್‌ಬಕಲ್, ಸ್ಯಾಡಲ್ (ಸರಕು ಕೂರುವ ಬಾಗಿದ ಪೀಠ) ಮತ್ತು ಅಡಿಯ ರಬ್ಬರ್ ಹಾಸು ಎಲ್ಲ ಸೇರಿ ತಡೆಯಬೇಕು.

ಹಲವು ವರ್ಷಗಳ ಹಿಂದೆ ನಾನೇ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಕೆಲಸ ಕೊಟ್ಟವರ ಅವಸರಕ್ಕೆ ಸ್ಯಾಡಲ್ ಅಡಿಯಲ್ಲಿ ರಬ್ಬರ್ ಹಾಸದೆ, ಮಳೆಯಲ್ಲಿ ನೆನೆದ ಮರದ ದಿಮ್ಮಿಗಳ ಮೇಲೆಯೇ ಪಾತ್ರೆಯೊಂದನ್ನು ಕೂರಿಸಿದ್ದರು. ಘಾಟಿಯ ಒಂದು ತಿರುವಿನಲ್ಲಿ ಪುಲ್ಲರ್ (ಟ್ರೇಲರನ್ನು ಎಳೆಯುವ ಗಾಡಿ) ನಿಧಾನಿಸಿದಾಗ ಆ ಪಾತ್ರೆ ಒಂದು ಗೇಣು ಸರಿಯಿತು. ಎರಡು ಚೈನುಗಳು ಹಿಡಿದುಕೊಂಡವು, ಒಂದು ಕಡಿಯಿತು. ಒಳಗೆ ಏನೂ ಇರಲಿಲ್ಲ, ಬರೀ ಖಾಲಿ ಉಕ್ಕು. ಆದರೂ ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಸರ್ ಹೇಳುವ ವಸ್ತುವಾಗಿದ್ದರೆ ಏನಾಗುತ್ತಿತ್ತೆಂದು ಈಗ ಯೋಚಿಸುತ್ತಿದ್ದೇನೆ.

ಸರ್, ಎರಡು ಪ್ರಶ್ನೆಗಳಿವೆ. ನಮ್ಮವರು ಅನೇಕ ಸಲ ಸ್ಥಳದಲ್ಲೇ ಸರಕಿನ ಮೈಗೆ ಕೊಂಡಿಗಳನ್ನು ಬೆಸೆದು ಚೈನು ಕಟ್ಟುತ್ತಾರೆ. ಅದಕ್ಕೆ ಅವಕಾಶವಿದೆಯೇ? ಎರಡನೆಯದು, ನಮ್ಮ ಹುಡುಗನೊಬ್ಬ ಬಿದಿರಿನ ಕೋಲು ಹಿಡಿದು ಸರಕಿನ ಮೇಲೆಯೇ ಕುಳಿತು, ಅಡ್ಡ ಬರುವ ವಿದ್ಯುತ್ ತಂತಿಗಳನ್ನು ಎತ್ತುತ್ತ ಹೋಗುವುದು ರೂಢಿ. ಅದು ನಡೆಯುತ್ತದೆಯೇ?

ಸುರತ್ಕಲ್‌ನ ನಿವೃತ್ತ ವಿಕಿರಣ ಸುರಕ್ಷತಾ ಅಧಿಕಾರಿ:

ಎರಡಕ್ಕೂ ಖಂಡಿತ ಅವಕಾಶವಿಲ್ಲ. ಹೊರಕವಚವೇ ಪೆಟ್ಟಿಗೆಯಾಗಿರುವಾಗ ಅದರ ಮೇಲೆ ಸ್ಥಳದಲ್ಲಿ ಮಾಡುವ ಪ್ರತಿ ಬೆಸುಗೆಯೂ ಪೆಟ್ಟಿಗೆಯನ್ನು ಬದಲಿಸಿದಂತೆ. ಕಟ್ಟುವ ಕೊಂಡಿಗಳು ಮೊದಲೇ ವಿನ್ಯಾಸವಾಗಿ, ಪರೀಕ್ಷೆಯಾಗಿ, ಅನುಮತಿಯ ಕಾಗದದಲ್ಲಿ ಸೇರಿರಬೇಕು.

ತಂತಿ ಎತ್ತುವ ಹುಡುಗನ ವಿಷಯ ಓದಿ ನಾನು ಕೆಲಹೊತ್ತು ಸುಮ್ಮನೆ ಕುಳಿತೆ. ವಾಹನದ ಹೊರಮೈಯಲ್ಲಿ ಗಂಟೆಗೆ 2 ಮಿಲಿಸೀವರ್ಟ್, ಅದರಿಂದ 2 ಮೀಟರ್ ದೂರದಲ್ಲಿ 0.1 ಮಿಲಿಸೀವರ್ಟ್ ಎಂಬುದು ಮಿತಿ. ಸಾಮಾನ್ಯ ನಾಗರಿಕನಿಗೆ ವರ್ಷಕ್ಕೆ ಇರುವ ಮಿತಿ 1 ಮಿಲಿಸೀವರ್ಟ್. ರಸ್ತೆಬದಿಯಲ್ಲಿ 2 ಮೀಟರ್ ದೂರ ನಿಂತವನ ಎದುರು ಆ ಟ್ರೇಲರ್ ಹದಿನೈದು ಸೆಕೆಂಡಿನಲ್ಲಿ ಹಾದುಹೋದರೆ ಅವನಿಗೆ ತಗಲುವುದು (ಸಾವಿರ ಮೈಕ್ರೊಸೀವರ್ಟ್ ಸೇರಿದರೆ ಒಂದು ಮಿಲಿಸೀವರ್ಟ್) ಅರ್ಧ ಮೈಕ್ರೊಸೀವರ್ಟ್‌ಗೂ ಕಡಿಮೆ, ಅಂದರೆ ವರ್ಷದ ಮಿತಿಯ ಎರಡು ಸಾವಿರದಲ್ಲಿ ಒಂದು ಭಾಗವೂ ಅಲ್ಲ. ಅದೇ ಗಾಡಿಯ ಮಿತಿಮಟ್ಟದ ಮೈಮೇಲೆ ಐದು ಗಂಟೆ ಕುಳಿತವನಿಗೆ 10 ಮಿಲಿಸೀವರ್ಟ್ ಆಗಬಹುದು. ನೋಡುವವರಿಗಾಗಿ ನಾವು ಇಷ್ಟು ಚಿಂತಿಸುತ್ತಿದ್ದೇವೆ, ದುಡಿಯುವವನನ್ನು ಮರೆತಿದ್ದೆವು. ಹಾದಿಯುದ್ದಕ್ಕೂ ತಂತಿಗಳ ಎತ್ತರವನ್ನು ಮೊದಲೇ ಅಳೆದು, ಬೇಕಾದಲ್ಲಿ ವಿದ್ಯುತ್ ಕಂಪನಿ ಮೆಸ್ಕಾಂನವರಿಂದ ಬಿಚ್ಚಿಸಿಯೇ ಹೊರಡಬೇಕು. ಚಾಲಕನಿಗೂ ಸಹಾಯಕನಿಗೂ ಡೋಸ್ (ಮೈಗೆ ತಗಲಿದ ವಿಕಿರಣ) ಅಳೆಯುವ ಬ್ಯಾಡ್ಜ್ ಇರಬೇಕು, ಏನನ್ನು ಸಾಗಿಸುತ್ತಿದ್ದೇವೆಂದು ಅವರಿಗೆ ಅವರ ಭಾಷೆಯಲ್ಲಿ ಹೇಳಿರಬೇಕು.

ಇನ್ನೊಂದು ಮಾತು. ಮೇಲಿನ ಲೆಕ್ಕದ ಪ್ರಕಾರ ಚಲಿಸುವ ಗಾಡಿಗಿಂತ ನಿಂತ ಗಾಡಿಯೇ ಹೆಚ್ಚು ಗಮನ ಬೇಡುತ್ತದೆ. ಪಂಕ್ಚರ್ ಆಗಿ ಹೆಜಮಾಡಿಯ ಯಾವುದೋ ಢಾಬಾದ ಎದುರು ಒಂದು ರಾತ್ರಿ ನಿಂತರೆ, 2 ಮೀಟರ್ ದೂರದಲ್ಲಿ ಮಲಗಿದವನು ಹತ್ತು ಗಂಟೆಯಲ್ಲಿ ವರ್ಷದ ಮಿತಿಯನ್ನು ಮುಟ್ಟಬಹುದು. ಹಾಗಾಗಿ ನಿಲ್ಲುವ ಜಾಗಗಳನ್ನು ಮೊದಲೇ ಗುರುತಿಸಿ, ಬೇಲಿ ಮತ್ತು ಕಾವಲಿನ ವ್ಯವಸ್ಥೆ ಮಾಡಿರಬೇಕು.

ಮಣಿಪಾಲದ ವೈದ್ಯಕೀಯ ಭೌತವಿಜ್ಞಾನಿ:

ಒಂದು ಸ್ಪಷ್ಟೀಕರಣ ಮಾತ್ರ. ಇಂಥ ಚರ್ಚೆಗಳಲ್ಲಿ 2010ರ ದೆಹಲಿಯ ಮಾಯಾಪುರಿ ಪ್ರಕರಣ ಬೇಗನೆ ನುಸುಳುತ್ತದೆ. ಅಲ್ಲಿ ಗುಜರಿಗೆ ಸೇರಿದ್ದು ಪ್ರಬಲವಾದ ಕೋಬಾಲ್ಟ್-60 ಆಕರಗಳಿದ್ದ ಉಪಕರಣ, ಒಬ್ಬರು ಪ್ರಾಣ ಕಳೆದುಕೊಂಡರು. ಸಣ್ಣ ಗಾತ್ರದಲ್ಲಿ ಅಪಾರ ವಿಕಿರಣ ಅದು. ಇಲ್ಲಿನದು ದೊಡ್ಡ ಗಾತ್ರದ ಮೇಲೆ ತೆಳುವಾಗಿ ಹರಡಿದ ವಿಕಿರಣ. ಗಾತ್ರ ನೋಡಿ ಹೆದರುವುದೂ, ಗಾತ್ರ ನೋಡಿ ಧೈರ್ಯ ತಾಳುವುದೂ ಎರಡೂ ತಪ್ಪಾಗುತ್ತದೆ.

ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಹತ್ತು ವರ್ಷ ಆವರಣದಲ್ಲೇ ಇಟ್ಟು ಕಾದರೆ ಅದರ ಕಾಲು ಭಾಗದಷ್ಟು ಮಾತ್ರ ಉಳಿಯುತ್ತದೆ. ಕಾಯುವುದೂ ಒಂದು ಸುರಕ್ಷತಾ ಕ್ರಮವೇ, ಅದಕ್ಕೆ ಟ್ರೇಲರ್ ಬೇಕಿಲ್ಲ.

ಮಲ್ಪೆಯ ಮೀನುಗಾರ ಮನೆತನದ ಮಹಿಳೆ:

ಎಲ್ಲರೂ ರಸ್ತೆಯ ಮಾತಾಡಿದಿರಿ, ಸಮುದ್ರದ ಮಾತನ್ನು ಯಾರೂ ಎತ್ತಲಿಲ್ಲ. ಇಷ್ಟು ಭಾರದ ವಸ್ತುವನ್ನು ಕೊನೆಗೆ ಹಡಗಿಗೇ ಹಾಕುತ್ತಾರೆಂದು ನನ್ನ ಅನಿಸಿಕೆ. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿತು. ಜೂನ್‌ನಲ್ಲಿ ಕೇರಳದ ತೀರದಾಚೆ ವಾನ್ ಹೈ 503 ಹಡಗು ಹೊತ್ತಿ ಉರಿದಾಗ ಬದುಕುಳಿದ 18 ಮಂದಿಯನ್ನು ನೌಕಾಪಡೆಯವರು ನಮ್ಮ ಪಣಂಬೂರಿಗೇ ಕರೆತಂದರು. ಆಗ ಪೆಟ್ಟಿಗೆಗಳಲ್ಲಿ ಏನಿತ್ತೆಂಬ ವಿವರ ಸಿಗುವ ಮೊದಲೇ ಮೀನು ತಿನ್ನಬಹುದೇ ಎಂದು ಜನ ಕೇಳತೊಡಗಿದ್ದರು. ಅಧಿಕಾರಿಯವರು ಹೇಳಿದ ಬೆಕ್ವೆರೆಲ್ ಲೆಕ್ಕ ಸರಿಯೇ ಇರಬಹುದು. ಮೀನಿನ ಬುಟ್ಟಿ ಎದುರಿಗಿಟ್ಟುಕೊಂಡು ಕುಳಿತ ನಮ್ಮ ಹೆಂಗಸರಿಗೆ ಗಿರಾಕಿ ಕೇಳುವುದು ಆ ಲೆಕ್ಕವನ್ನಲ್ಲ.

ಸುರತ್ಕಲ್‌ನ ನಿವೃತ್ತ ವಿಕಿರಣ ಸುರಕ್ಷತಾ ಅಧಿಕಾರಿ:

ಅಕ್ಕಾ, ತಾವು ಹೇಳಿದ್ದು ನೂರಕ್ಕೆ ನೂರು ನಿಜ, ಮತ್ತು ಇದನ್ನು ಹಿಂದೆ ಕೆನಡಾದವರೂ ಹೇಳಿದ್ದರು. ಅಲ್ಲಿನ ಬ್ರೂಸ್ ಕೇಂದ್ರದ 16 ಹಳೆಯ ಉಗಿ ಉತ್ಪಾದಕಗಳನ್ನು, ಒಂದೊಂದೂ ಸುಮಾರು ನೂರು ಟನ್, ಮಹಾಸರೋವರಗಳು ಮತ್ತು ಸೇಂಟ್ ಲಾರೆನ್ಸ್ ನದಿಯ ಮೂಲಕ ಹಡಗಿನಲ್ಲಿ ಸ್ವೀಡನ್ನಿಗೆ ಕಳುಹಿಸಿ, ಲೋಹವನ್ನು ಕರಗಿಸಿ ಮರುಬಳಸುವ ಯೋಜನೆಯಿತ್ತು. 2011ರ ಫೆಬ್ರುವರಿಯಲ್ಲಿ ಅಲ್ಲಿನ ನಿಯಂತ್ರಣ ಆಯೋಗ ಅನುಮತಿಯನ್ನೂ ಕೊಟ್ಟಿತು. ಒಂದೊಂದರಲ್ಲಿ ಇದ್ದ ವಿಕಿರಣಶೀಲ ವಸ್ತು 4 ಗ್ರಾಂಗಿಂತ ಕಡಿಮೆ ಎಂದು ಲೆಕ್ಕ ತೋರಿಸಿದ್ದರು. ಆದರೂ ಸರೋವರದ ದಡದ ನಗರಗಳ ಮೇಯರುಗಳು ಮತ್ತು ಮೂಲನಿವಾಸಿ ಸಮುದಾಯಗಳು ಬಲವಾಗಿ ವಿರೋಧಿಸಿದವು, ಕೊನೆಗೆ ಯೋಜನೆ ಕೈಬಿಟ್ಟುಹೋಯಿತು. ನಾಲ್ಕು ಗ್ರಾಂ ಎಂಬ ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕುಡಿಯುವ ನೀರು ಯಾರದೋ ಅವರನ್ನು ಕೊನೆಗೆ ಕೇಳಿದ್ದು ತಪ್ಪೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಅದೇ ಕಾಲದಲ್ಲಿ ಇಂಗ್ಲೆಂಡಿನ ಬರ್ಕ್ಲಿ ಕೇಂದ್ರದ 15 ಬಾಯ್ಲರುಗಳು, ಒಂದೊಂದೂ ಸುಮಾರು 310 ಟನ್, 2012 ಮತ್ತು 2013ರಲ್ಲಿ ಊರಿನ ಬೀದಿಗಳಲ್ಲೇ ಸಾಗಿ, ಶಾರ್ಪ್‌ನೆಸ್ ಬಂದರಿನಿಂದ ಸಮುದ್ರ ದಾಟಿ ಸ್ವೀಡನ್ ತಲುಪಿದವು. ಅಮೆರಿಕದ ಒರೆಗಾನ್‌ನಲ್ಲಿ ಟ್ರೋಜನ್ ಕೇಂದ್ರದ ರಿಯಾಕ್ಟರ್ ಪಾತ್ರೆಯನ್ನು 1999ರಲ್ಲಿ ಕಾಂಕ್ರೀಟಿನಿಂದ ತುಂಬಿ, ಒಳಗಿನದು ಅಲುಗದಂತೆ ಮಾಡಿ, ದೋಣಿಯಲ್ಲಿ ಕೊಲಂಬಿಯಾ ನದಿಯ ಮೇಲೆ ಒಯ್ದರು. ಕ್ಯಾಲಿಫೋರ್ನಿಯಾದ ಸ್ಯಾನ್ ಒನೊಫ್ರೆ ಒಂದನೇ ಘಟಕದ ಪಾತ್ರೆಗೆ ಮಾತ್ರ ಹಾದಿ ಸಿಗದೆ, 2002ರಲ್ಲಿ ಹೊರತೆಗೆದದ್ದು 2020ರವರೆಗೂ ಅಲ್ಲೇ ಕುಳಿತು, ಕೊನೆಗೆ ಸ್ವಲ್ಪ ದೂರ ರೈಲಿನಲ್ಲಿ, ಉಳಿದ ದೂರ ರಸ್ತೆಯಲ್ಲಿ ಯೂಟಾಗೆ ಹೋಯಿತು. ಆ ವಿಳಂಬದಲ್ಲಿ ನನಗೆ ನಾಚಿಕೆಯ ವಿಷಯವೇನೂ ಕಾಣುವುದಿಲ್ಲ.

ಸಮುದ್ರದ ನಿಯಮದ ಬಗ್ಗೆ ಒಂದು ಮುಖ್ಯ ಸಂಗತಿ. ಬಳಸಿದ ಇಂಧನ, ಪ್ಲುಟೋನಿಯಂ ಮತ್ತು ಉನ್ನತ ಮಟ್ಟದ ತ್ಯಾಜ್ಯವನ್ನು ಸಾಗಿಸುವ ಹಡಗಿಗೆ 2001ರಿಂದ ಪ್ರತ್ಯೇಕ ಕಡ್ಡಾಯ ಸಂಹಿತೆಯಿದೆ. ಕಲುಷಿತ ಯಂತ್ರಭಾಗಕ್ಕೆ ಅದು ಅನ್ವಯಿಸುವುದಿಲ್ಲ, ಅಪಾಯಕಾರಿ ಸರಕಿನ ಸಾಮಾನ್ಯ ಸಾಗರ ಸಂಹಿತೆಯಲ್ಲಿ ವಿಕಿರಣಶೀಲ ವಸ್ತುಗಳಿಗಿರುವ 7ನೇ ವರ್ಗವಷ್ಟೇ ಅನ್ವಯಿಸುತ್ತದೆ. ಆದ್ದರಿಂದ ಮುಳುಗಿದರೆ ಎಲ್ಲಿದೆಯೆಂದು ಪತ್ತೆಹಚ್ಚುವುದು ಹೇಗೆ, ಮೇಲೆತ್ತುವವರು ಯಾರು, ಮೀನಿನ ಮಾದರಿಗಳನ್ನು ಅಳೆದು ಫಲಿತಾಂಶವನ್ನು ಮಲ್ಪೆಯಲ್ಲಿ ಮತ್ತು ಮಂಗಳೂರಿನ ಮೀನುಗಾರಿಕಾ ಧಕ್ಕೆಯಲ್ಲಿ ಅದೇ ದಿನ ತಿಳಿಸುವವರು ಯಾರು ಎಂಬುದು ಸಾಗಣೆ ಯೋಜನೆಯಲ್ಲಿ ಬರೆದಿರಲೇಬೇಕು. ಪರಿಸರದ ವಿಕಿರಣವನ್ನು ಅಳೆಯುವ ಸಂಶೋಧನಾ ಕೇಂದ್ರ ನಮ್ಮ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿಯೇ ಇದೆ. ಉಳ್ಳಾಲದ ಮರಳಿನಲ್ಲಿರುವ ಸಹಜ ವಿಕಿರಣವನ್ನು ಆ ವಿಶ್ವವಿದ್ಯಾಲಯದವರು ದಶಕಗಳಿಂದ ಅಳೆದಿದ್ದಾರೆ. ಸಾಗಣೆಯ ಮೊದಲೇ ನೀರು ಮತ್ತು ಮೀನಿನ ಸಹಜ ಮಟ್ಟವನ್ನು ದಾಖಲಿಸದಿದ್ದರೆ, ಆಮೇಲೆ ಏರಿತೋ ಇಲ್ಲವೋ ಎಂದು ಯಾರೂ ಹೇಳಲಾರರು.

ಪಡುಬಿದ್ರಿಯ ಶಿಕ್ಷಕ:

ಹಾದಿಯ ಮಾತು ಬಂದದ್ದರಿಂದ ಕೇಳುತ್ತೇನೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ (ನಮ್ಮ ಬೈಂದೂರಿನ ಶಿರೂರು ಅಲ್ಲ) ಗುಡ್ಡ ಕುಸಿದು ಇದೇ ಹೆದ್ದಾರಿ ಮುಚ್ಚಿಹೋಯಿತು, ಅನಿಲದ ಟ್ಯಾಂಕರ್ ಗಂಗಾವಳಿ ನದಿ ಸೇರಿತು. ಮರುತಿಂಗಳು ಆಗಸ್ಟ್‌ನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ರಾತ್ರೋರಾತ್ರಿ ಕುಸಿಯಿತು. 2013ರ ಪೆರ್ನೆಯ ಟ್ಯಾಂಕರ್ ದುರಂತವನ್ನು ನಾವು ಯಾರೂ ಮರೆತಿಲ್ಲ. ಅಂತರರಾಷ್ಟ್ರೀಯ ನಿಯಮಾವಳಿಗೆ ನಮ್ಮ ಆಷಾಢದ ಮಳೆ ಗೊತ್ತಿದೆಯೇ?

ಬೈಕಂಪಾಡಿಯ ಟ್ರೇಲರ್ ಗುತ್ತಿಗೆದಾರ:

ನಿಯಮಾವಳಿಗೆ ಗೊತ್ತಿರುವುದಿಲ್ಲ ಮೇಷ್ಟ್ರೇ, ಹಾದಿ ನೋಡುವವನಿಗೆ ಗೊತ್ತಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಸರಕು ಈ ಹೆದ್ದಾರಿಗೆ ಇಳಿಯಕೂಡದು ಎಂದು ಯೋಜನೆಯ ಮೊದಲ ಪುಟದಲ್ಲೇ ಬರೆದಿರಬೇಕು. ಸೇತುವೆಯ ಸಾಮರ್ಥ್ಯಕ್ಕೆ ಹಳೆಯ ಪ್ರಮಾಣಪತ್ರ ಸಾಲದು, ಆ ಹೊತ್ತಿನ ಪರಿಶೀಲನೆ ಬೇಕು. ಆಕ್ಸಲ್‌ಗಳ ಮೇಲೆ ತೂಕ ಹಂಚುವುದು, ಸೇತುವೆಯ ಮೇಲೆ ಬೇರೆ ವಾಹನಗಳನ್ನು ತಡೆಯುವುದು, ನಡುವಿನಲ್ಲಿ ನಡಿಗೆಯ ವೇಗದಲ್ಲಿ ಸಾಗುವುದು ನಮಗೆ ಹೊಸತಲ್ಲ.

ಅಧಿಕಾರಿಯವರೇ, ಅಪಘಾತವಾದರೆ ಮೊದಲು ಬರುವವರು ಹತ್ತಿರದ ಠಾಣೆಯ ಪೊಲೀಸರು ಮತ್ತು ಅಗ್ನಿಶಾಮಕ ದಳದವರು. ಅವರಿಗೆ ಏನು ಗೊತ್ತಿರಬೇಕು?

ಸುರತ್ಕಲ್‌ನ ನಿವೃತ್ತ ವಿಕಿರಣ ಸುರಕ್ಷತಾ ಅಧಿಕಾರಿ:

ವಾಹನದ ಬದಿಗಳಲ್ಲಿ ಮೇಲರ್ಧ ಹಳದಿ, ಕೆಳಗರ್ಧ ಬಿಳಿ ಬಣ್ಣದ, ಮೂರು ದಳದ ಚಿಹ್ನೆ ಮತ್ತು 7 ಎಂಬ ಅಂಕಿ ಇರುವ ಫಲಕವಿರಬೇಕು. ಎಸ್‌ಸಿಒ ಸರಕಿಗೆ ಅಪಾಯಕಾರಿ ಸರಕುಗಳನ್ನು ಗುರುತಿಸುವ ವಿಶ್ವಸಂಸ್ಥೆಯ ಸಂಖ್ಯೆ 2913. ಚಾಲಕನ ಬಳಿ ಟ್ರೆಮ್‌ಕಾರ್ಡ್ ಇರಬೇಕು. ಏನು ಸರಕು, ಏನು ಮಾಡಬೇಕು, ಯಾರಿಗೆ ಕರೆ ಮಾಡಬೇಕು ಎಂಬುದು ಅದರಲ್ಲಿರುತ್ತದೆ. ಮಕ್ಕಳಿಗೂ ಇದನ್ನು ಹೇಳಿಕೊಡಬಹುದು, ಆಗ ಟಾರ್ಪಾಲು ಹೊದ್ದ ಪ್ರತಿ ಉರುಳೆಯೂ ಅಣು ತ್ಯಾಜ್ಯವಾಗುವುದಿಲ್ಲ. ಬಂದವರು ಮೊದಲು ಗಾಯಾಳುಗಳನ್ನು ರಕ್ಷಿಸಬೇಕು. ಈ ಮಟ್ಟದ ವಿಕಿರಣಕ್ಕೆ ಹೆದರಿ ಯಾರನ್ನೂ ಅಲ್ಲೇ ಬಿಡಬಾರದು. ಆಮೇಲೆ ಜನರನ್ನು ದೂರವಿಟ್ಟು, ಮುಚ್ಚಳಗಳು ಹಾಗೆಯೇ ಇವೆಯೇ ಎಂದು ತಜ್ಞರು ನೋಡುವವರೆಗೆ ಯಾರೂ ಮುಟ್ಟದಂತೆ ಕಾಯಬೇಕು. ಇದನ್ನು ಸಾಗಣೆಯ ಹಿಂದಿನ ವಾರ ಪ್ರತಿ ಠಾಣೆಯಲ್ಲಿ ಅಭ್ಯಾಸ ಮಾಡಿಸಬೇಕು, ಕಾಗದದಲ್ಲಿ ಕಳುಹಿಸಿದರೆ ಸಾಲದು.

ಬೈಕಂಪಾಡಿಯ ಟ್ರೇಲರ್ ಗುತ್ತಿಗೆದಾರ:

ಕೊನೆಯದಾಗಿ ಒಂದು. ಸರಕು ಇಳಿಸಿದ ಮೇಲೆ ಟ್ರೇಲರ್ ನನ್ನ ಯಾರ್ಡಿಗೆ ಬರುತ್ತದೆ, ಮರುದಿನ ಅದರ ಮೇಲೆ ಬೇರೆಯವರ ಸಾಮಾನು ಏರುತ್ತದೆ. ಅದನ್ನು ನೋಡುವವರು ಯಾರು?

ಸುರತ್ಕಲ್‌ನ ನಿವೃತ್ತ ವಿಕಿರಣ ಸುರಕ್ಷತಾ ಅಧಿಕಾರಿ:

ಅದಕ್ಕೂ ನಿಯಮವಿದೆ. ಟ್ರೇಲರಿನ ಮೈಯನ್ನೂ ಒರೆಸಿ ನೋಡಬೇಕು. ಸಡಿಲ ಮಾಲಿನ್ಯ ಅದೇ 4 ಮತ್ತು 0.4ರ ಮಿತಿಯೊಳಗಿರಬೇಕು, ಅಂಟಿದ ಮಾಲಿನ್ಯದಿಂದ ಮೇಲ್ಮೈಯಲ್ಲಿ ಗಂಟೆಗೆ 5 ಮೈಕ್ರೊಸೀವರ್ಟ್‌ಗಿಂತ ಹೆಚ್ಚು ಬರಬಾರದು. ಅಲ್ಲಿಯವರೆಗೆ ಅದನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಸ್ಯಾಡಲ್, ಚೈನು, ರಬ್ಬರ್ ಹಾಸು ಎಲ್ಲಕ್ಕೂ ಇದೇ ಪರೀಕ್ಷೆಯನ್ನು ನಾನು ಮಾಡಿಸುತ್ತಿದ್ದೆ. ಅಳತೆಯ ಕಾಗದಕ್ಕೆ ಸಹಿ ಬೀಳುವವರೆಗೆ ಗಾಡಿಯ ಕೀಲಿಯನ್ನು ಚಾಲಕನಿಗೆ ಕೊಡಬೇಡಿ.

ಬೈಕಂಪಾಡಿಯ ಟ್ರೇಲರ್ ಗುತ್ತಿಗೆದಾರ:

ಆ ಕಾಗದದ ಒಂದು ಪ್ರತಿ ನನ್ನ ಹುಡುಗರ ಕೈಯಲ್ಲೂ ಇರಬೇಕೆಂದು ಕರಾರಿನಲ್ಲಿ ಬರೆಸುತ್ತೇನೆ ಸರ್.